ಚಿಕ್ಕ ಶೂಗೇಜ್ ಬ್ಯಾಂಡ್‌ಗಳನ್ನು ಲೈವ್ ಆಗಿ ನೋಡಲೇಬೇಕಾ? ಹೆಡ್‌ಫೋನ್ ಸಾಕಾಗಲ್ವಾ?

ನಿಮ್ಮ ಪ್ರಶ್ನೆ ಓದಿ ನನಗೂ ಹೊಟ್ಟೆಯಲ್ಲಿ ಚುರುಕ್ ಅಂದಿತು. ಇಷ್ಟದ ಒಂದು ಪುಟ್ಟ ಬ್ಯಾಂಡ್ ಹತ್ತಿರದಲ್ಲೇ ನುಡಿಸಿತ್ತು, ಸುಸ್ತು ಅಂತ ನೀವು ಹೋಗಲಿಲ್ಲ, ಈಗ ಆ ಬ್ಯಾಂಡೇ ಇಲ್ಲ. ರೆಕಾರ್ಡಿಂಗ್ ಹೇಗೂ ಇದೆಯಲ್ಲ, ನಿಜಕ್ಕೂ ಏನಾದರೂ ಕಳೆದುಕೊಂಡೆನಾ ಅಂತ ಕೇಳಿದ್ದೀರಿ. ಮುಂದಿನ ತಿಂಗಳು ಇನ್ನೊಂದು ಬ್ಯಾಂಡ್ ಬರುತ್ತಿದೆ, ಜೊತೆಗೆ ಯಾರೂ ಇಲ್ಲ, ಒಬ್ಬರೇ ಹೋಗಬಹುದಾ ಅಂತಲೂ ಕೇಳಿದ್ದೀರಿ.

ಸುಮ್ನೆ ಸಮಾಧಾನ ಹೇಳಿಬಿಡಬಹುದಿತ್ತು. ಆದರೆ ಕಳೆದುಕೊಂಡಿದ್ದು ನಿಜ. ನಾನೂ ಹಾಗೆ ಸುಮಾರು ಶೋ ಕಳೆದುಕೊಂಡವನೇ.

ಶೂಗೇಜ್ ಅಂದರೇನು ಅಂತ ಗೊತ್ತಿಲ್ಲದೆ ಇಲ್ಲಿಗೆ ಬಂದವರಿಗೆ ಎರಡು ಮಾತು. 1980ರ ದಶಕದ ಕೊನೆಗೆ, 90ರ ಶುರುವಿನಲ್ಲಿ ಮೈ ಬ್ಲಡಿ ವ್ಯಾಲೆಂಟೈನ್, ಸ್ಲೋಡೈವ್, ರೈಡ್, ಲಷ್ ತರಹದ ಬ್ಯಾಂಡ್‌ಗಳು ಗಿಟಾರ್ ಶಬ್ದವನ್ನು ಸಾಲು ಸಾಲು ಪೆಡಲ್‌ಗಳ (ಕಾಲಿನಿಂದ ಒತ್ತಿ ಶಬ್ದ ಬದಲಿಸುವ ಪುಟ್ಟ ಪೆಟ್ಟಿಗೆಗಳು) ಮೂಲಕ ಹಾಯಿಸಿ, ಅದು ಗಿಟಾರ್ ಅಂತಲೇ ಗುರುತು ಸಿಗದ ಹಾಗೆ ಮಾಡಿದವು. ಹಾಡುವ ದನಿ ಆ ಮಂಜಿನೊಳಗೆ ಎಲ್ಲೋ ಇರುತ್ತದೆ. ನುಡಿಸುವವರು ತಲೆ ತಗ್ಗಿಸಿ ಕಾಲ ಬಳಿಯ ಪೆಡಲ್ ನೋಡುತ್ತಾ ನಿಲ್ಲುತ್ತಿದ್ದರು. ಬ್ರಿಟನ್‌ನ ಸಂಗೀತ ಪತ್ರಿಕೆಗಳು ಅದನ್ನು ಗೇಲಿ ಮಾಡಿ, ಬೂಟು ನೋಡುವವರು ಅಂತ ಕರೆದವು. ಗೇಲಿಯೇ ಹೆಸರಾಗಿ ಉಳಿಯಿತು.

ಈಗ ಹೆಡ್‌ಫೋನ್ ವಿಷಯ. ಮೈ ಬ್ಲಡಿ ವ್ಯಾಲೆಂಟೈನ್ 1991ರಲ್ಲಿ ತಂದ ಆಲ್ಬಮ್‌ಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಅದಕ್ಕಾಗಿ ಒಂದಾದ ಮೇಲೊಂದು ಸ್ಟುಡಿಯೊ ಬದಲಾಯಿಸಿದರು. ಅಷ್ಟು ಹದ ಮಾಡಿದ ಶಬ್ದವನ್ನು ಕೇಳಲು ಹೆಡ್‌ಫೋನೇ ಸರಿ, ಒಪ್ಪುತ್ತೇನೆ. ಆದರೆ ಅದೇ ಬ್ಯಾಂಡ್ ಸ್ಟೇಜ್ ಮೇಲೆ ಮಾಡುತ್ತಿದ್ದದ್ದು ಬೇರೆಯೇ ಕೆಲಸ. ಒಂದು ಹಾಡಿನ ನಡುವೆ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಕೆಲವು ಸ್ವರಗಳು) ಹಿಡಿದು ನಿಮಿಷಗಟ್ಟಲೆ ಬಾರಿಸುತ್ತಾ ನಿಲ್ಲುತ್ತಿದ್ದರು. 2008ರಲ್ಲಿ ಮತ್ತೆ ಸ್ಟೇಜಿಗೆ ಬಂದಾಗ ಜನರಿಗೆ ಇಯರ್‌ಪ್ಲಗ್ ಹಂಚಿದ್ದರು. ಅಷ್ಟು ಜೋರಿನಲ್ಲಿ ಶಬ್ದ ಕಿವಿಗೆ ಮಾತ್ರ ಬರುವುದಿಲ್ಲ. ಎದೆಗೂಡಿಗೆ ಬರುತ್ತದೆ, ನೆಲದಿಂದ ಹತ್ತುತ್ತದೆ. ಸ್ವಲ್ಪ ಹೊತ್ತಾದ ಮೇಲೆ, ಅಲ್ಲಿ ಇಲ್ಲದ ರಾಗವೂ ಕೇಳಿಸತೊಡಗುತ್ತದೆ.

ಚಿಕ್ಕ ಬ್ಯಾಂಡ್‌ಗೆ ಈ ಜೋರು ಇನ್ನೂ ಮುಖ್ಯ. ರೆಕಾರ್ಡಿಂಗ್‌ನಲ್ಲಿ ಹತ್ತು ಗಿಟಾರ್ ಪದರ ಇಟ್ಟಿರುತ್ತಾರೆ, ಸ್ಟೇಜ್ ಮೇಲೆ ಇರುವುದು ಎರಡು ಗಿಟಾರ್. ಉಳಿದ ಎಂಟರ ಜಾಗವನ್ನು ಜೋರಿನಿಂದ ತುಂಬಬೇಕು. ಕೆಲವರಿಗೆ ಆಗುತ್ತದೆ. ಕೆಲವರಿಗೆ ಆಗುವುದಿಲ್ಲ, ಆಗ ಅದು ಬರೀ ಗಲಾಟೆ. ಸುಳ್ಳು ಯಾಕೆ ಹೇಳಲಿ, ಬರೀ ಗಲಾಟೆಯಾದ ಶೋಗಳನ್ನೂ ಬೇಕಾದಷ್ಟು ನೋಡಿದ್ದೇನೆ.

ನಾನು ನೋಡಿದ ಮೊದಲ ಶೋನಲ್ಲಿ ಮೂವತ್ತು ಜನ ಇದ್ದಿರಬಹುದು, ಅದರಲ್ಲಿ ಅರ್ಧ ಬೇರೆ ಬ್ಯಾಂಡ್‌ಗಳವರು. ಎರಡನೇ ಹಾಡಿನಲ್ಲಿ ಒಂದು ಗಿಟಾರ್ ಇದ್ದಕ್ಕಿದ್ದಂತೆ ಸತ್ತುಹೋಯಿತು. ಪೆಡಲ್‌ಗಳನ್ನೆಲ್ಲ ಗೇಣುದ್ದದ ಕೇಬಲ್‌ಗಳಿಂದ ಸರಪಳಿ ಮಾಡಿರುತ್ತಾರಲ್ಲ, ಒಂದು ಕೈಕೊಟ್ಟರೆ ಸಾಕು, ಪೂರ್ತಿ ಶಬ್ದ ಬಂದ್. ಯಾವುದು ಕೈಕೊಟ್ಟಿದೆ ಅಂತ ಒಂದೊಂದೇ ಕಿತ್ತು ನೋಡಬೇಕು. ಆತ ಮಂಡಿಯೂರಿ ಹುಡುಕುತ್ತಿದ್ದ. ಡ್ರಮ್ಮರ್ ಮತ್ತು ಬಾಸ್ ನುಡಿಸುವಾಕೆ ನಿಲ್ಲಿಸಲಿಲ್ಲ, ತಾಳದ ಅದೇ ನಾಲ್ಕು ಆವರ್ತನಗಳನ್ನು ಮತ್ತೆ ಮತ್ತೆ ನುಡಿಸುತ್ತಲೇ ಇದ್ದರು. ನಾಲ್ಕೈದು ನಿಮಿಷ ಆಗಿರಬೇಕು. ಕೊನೆಗೆ ಗುಂಪಿನಲ್ಲಿದ್ದ ಯಾರೋ ತಮ್ಮ ಬ್ಯಾಗಿನಿಂದ ಕೇಬಲ್ ತೆಗೆದು ಕೊಟ್ಟರು. ಗಿಟಾರ್ ಮತ್ತೆ ಬಂದಾಗ ಗೋಡೆಯೇ ಮೈಮೇಲೆ ಬಂದ ಹಾಗಾಯಿತು. ಆ ಹಾಡಿನ ರೆಕಾರ್ಡಿಂಗ್ ಮೂರೂವರೆ ನಿಮಿಷ ಇದೆ. ಈಗಲೂ ಅದು ಬೇಗ ಮುಗಿದುಹೋಯಿತು ಅನಿಸುತ್ತದೆ.

ಮಿಸ್ ಮಾಡಿಕೊಂಡವುಗಳಲ್ಲಿ ಹೆಚ್ಚು ಕಾಡುವುದು ನಿಮ್ಮ ಹಾಗೆ ಮನೆಯಲ್ಲಿ ಕೂತು ಮಿಸ್ ಮಾಡಿಕೊಂಡದ್ದಲ್ಲ. ಅಲ್ಲಿಗೇ ಹೋಗಿ ಮಿಸ್ ಮಾಡಿಕೊಂಡದ್ದು. ಮೂರು ಬ್ಯಾಂಡ್‌ಗಳ ಶೋ, ನನಗೆ ಬೇಕಾದದ್ದು ಮೊದಲು ನುಡಿಸುವ ಬ್ಯಾಂಡ್. ಇಂಥ ಶೋಗಳು ಹೇಳಿದ ಹೊತ್ತಿಗೆ ಎಲ್ಲಿ ಶುರುವಾಗುತ್ತವೆ ಅಂತ ದೊಡ್ಡ ಅನುಭವಸ್ಥನ ಹಾಗೆ ನಿಧಾನಕ್ಕೆ ಹೊರಟೆ. ಅವತ್ತು ಹೇಳಿದ ಹೊತ್ತಿಗೇ ಶುರುವಾಗಿತ್ತು. ಅವರ ಸೆಟ್ ಇದ್ದದ್ದೇ 25 ನಿಮಿಷ. ನಾನು ಒಳಗೆ ಹೋದಾಗ ಕೇಬಲ್ ಸುತ್ತುತ್ತಿದ್ದರು. ಗಿಟಾರ್ ಶಬ್ದ ಜೋರು ಮಾಡುವ ಆಂಪ್ ಇನ್ನೂ ಆನ್ ಇತ್ತು, ಸಣ್ಣಗೆ ಗುಂಯ್ ಅನ್ನುತ್ತಿತ್ತು. ಅಷ್ಟೇ ನಾನು ಕೇಳಿದ್ದು. ನಾಚಿಕೆಯಾಗಿ ಅವರು ತಮ್ಮ ಆಲ್ಬಮ್ ಮಾರುವ ಟೇಬಲ್‌ನಲ್ಲಿ ಒಂದು ಕ್ಯಾಸೆಟ್ ತೆಗೆದುಕೊಂಡೆ. ‘ಸೆಟ್ ಹೇಗಿತ್ತು?’ ಅಂತ ಕೇಳಿದರು. ‘ಸೂಪರ್’ ಅಂದುಬಿಟ್ಟೆ. ಮನೆಯಲ್ಲಿ ಕ್ಯಾಸೆಟ್ ಪ್ಲೇಯರ್ ಇಲ್ಲ ಅನ್ನುವುದು ಆಮೇಲೆ ನೆನಪಾಯಿತು. ಮುಂದಿನ ವರ್ಷ ಆ ಬ್ಯಾಂಡ್ ನಿಂತುಹೋಯಿತು.

ದೊಡ್ಡ ಹೆಸರುಗಳ ಕಥೆ ಬೇರೆ. ಸ್ಲೋಡೈವ್ 1995ರಲ್ಲಿ ಒಡೆದು 2014ರಲ್ಲಿ ಮತ್ತೆ ಸೇರಿತು. ಮೈ ಬ್ಲಡಿ ವ್ಯಾಲೆಂಟೈನ್‌ನ ಮುಂದಿನ ಆಲ್ಬಮ್ ಬಂದದ್ದು 22 ವರ್ಷ ಕಳೆದು, 2013ರಲ್ಲಿ. ತೊಂಬತ್ತರ ದಶಕದಲ್ಲಿ ಇವರನ್ನು ತಪ್ಪಿಸಿಕೊಂಡವರಿಗೆ ಎರಡನೇ ಅವಕಾಶ ಸಿಕ್ಕಿತು. ಮೂವತ್ತು ಜನರ ಮುಂದೆ ನುಡಿಸಿದ ಬ್ಯಾಂಡನ್ನು ಇಪ್ಪತ್ತು ವರ್ಷ ಬಿಟ್ಟು ಯಾರು ಕರೆಯುತ್ತಾರೆ? ಹಾಗಂತ ಎಲ್ಲ ಶೋಗೂ ಓಡಬೇಕು ಅಂತಲ್ಲ. ಜ್ವರ ಬಂದಿದ್ದಾಗ ಒಮ್ಮೆ ಹೋಗಿ, ಗೋಡೆಗೆ ಒರಗಿ ಕೂತು, ಅರ್ಧಕ್ಕೇ ವಾಪಸ್ ಬಂದೆ. ಅದನ್ನು ನೋಡಿದ ಲೆಕ್ಕಕ್ಕೆ ಹಾಕಲೋ ಬೇಡವೋ ಗೊತ್ತಿಲ್ಲ.

ವಿಡಿಯೊ ಸಿಕ್ಕರೆ ನೋಡಿ, ಆದರೆ ಅದನ್ನು ನೋಡಿ ಆ ಶೋ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಇಷ್ಟು ಶಬ್ದವನ್ನು ಫೋನಿನ ಮೈಕ್ ತಡೆದುಕೊಳ್ಳುವುದಿಲ್ಲ, ಎಲ್ಲ ಚಪ್ಪಟೆಯಾಗಿ ಬರ್ ಅನ್ನುತ್ತದೆ.

ಮುಂದಿನ ತಿಂಗಳು ಹೋಗುವುದಾದರೆ, ಮೊದಲನೆಯದಾಗಿ ಬೇಗ ಹೋಗಿ. ಯಾವ ಬ್ಯಾಂಡ್ ಎಷ್ಟು ಹೊತ್ತಿಗೆ ಅನ್ನುವುದನ್ನು ಬ್ಯಾಂಡ್‌ನವರಿಗೇ ಮೆಸೇಜ್ ಮಾಡಿ ಕೇಳಿ. ಚಿಕ್ಕ ಬ್ಯಾಂಡ್‌ನವರು ಸಾಮಾನ್ಯವಾಗಿ ಉತ್ತರ ಕೊಡುತ್ತಾರೆ, ಖುಷಿಯಿಂದಲೇ ಕೊಡುತ್ತಾರೆ.

ಸ್ಟೇಜಿನ ಮುಂದೆಯೇ ನಿಲ್ಲಬೇಡಿ. ಚಿಕ್ಕ ಜಾಗದಲ್ಲಿ ಡ್ರಮ್ ಮತ್ತು ಗಿಟಾರ್ ಆಂಪ್‌ಗಳ ಶಬ್ದ ನೇರವಾಗಿ ಸ್ಟೇಜಿನಿಂದಲೇ ಬರುತ್ತದೆ. ಹಾಡುವವರ ದನಿ ಮಾತ್ರ ಪಕ್ಕದ ಸ್ಪೀಕರ್‌ಗಳಿಂದ ಬರಬೇಕು, ಅದು ಮುಂದೆ ನಿಂತವರನ್ನು ದಾಟಿ ಹೋಗುತ್ತದೆ. ಈ ಸಂಗೀತದಲ್ಲಿ ಹಾಡುವುದೂ ಪಿಸುಮಾತಿನಲ್ಲಿ. ಮೈಕ್ ಜೋರು ಮಾಡಿದರೆ ಕುಯ್ಯೋ ಅಂತ ಫೀಡ್‌ಬ್ಯಾಕ್. ಸೌಂಡ್ ಎಂಜಿನಿಯರ್ ಪಾಡು ಯಾರಿಗೂ ಬೇಡ. ಅವರ ಮಿಕ್ಸರ್ ಹತ್ತಿರ ನಿಂತರೆ ಅವರಿಗೆ ಕೇಳಿಸುವುದೇ ನಿಮಗೂ ಕೇಳಿಸುತ್ತದೆ.

ಇಯರ್‌ಪ್ಲಗ್ ಮರೆಯಲೇಬೇಡಿ. 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು ಅನ್ನುವುದು ಒಂದು ಲೆಕ್ಕ. ಅದರಲ್ಲಿ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧವಾಗುತ್ತಾ ಹೋಗಿ, 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಇಂಥ ಶೋ 100 ಮುಟ್ಟುವುದು ಕಷ್ಟವೇ ಅಲ್ಲ. ನಾನು ಒಮ್ಮೆ ಧಿಮಾಕಿನಲ್ಲಿ ಬರಿ ಕಿವಿಯಲ್ಲಿ ನಿಂತು, ಎರಡು ದಿನ ಕಿವಿಯೊಳಗೆ ಸಿಳ್ಳೆ ಕೇಳಿಸಿಕೊಂಡೆ. ಸ್ಪಂಜಿನ ಪ್ಲಗ್ ಆದರೂ ಸರಿ, ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಅದು ಎತ್ತರದ ಶ್ರುತಿಯ ಶಬ್ದವನ್ನೇ ಜಾಸ್ತಿ ಕತ್ತರಿಸುತ್ತದೆ, ಹಾಡು ಮೊದಲೇ ಮಂಜು, ಇನ್ನೂ ಮಂಜಾಗುತ್ತದೆ. ಸಂಗೀತಗಾರರಿಗಾಗಿ ಮಾಡಿದ ಪ್ಲಗ್‌ಗಳು ಎಲ್ಲ ಶಬ್ದವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತವೆ. ನನ್ನ ಬ್ಯಾಗಿನಲ್ಲಿ ಈಗ ಯಾವಾಗಲೂ ಎರಡು ಜೊತೆ ಇರುತ್ತವೆ.

ಇನ್ನು ಒಬ್ಬರೇ ಹೋಗುವ ವಿಷಯ. ಧಾರಾಳವಾಗಿ ಹೋಗಿ. ಪಕ್ಕದವರ ಜೊತೆ ಮಾತಾಡೋಣ ಅಂದರೂ ಶಬ್ದದಲ್ಲಿ ಆಗುವುದಿಲ್ಲ. ಒಬ್ಬರೇ ನಿಂತಿದ್ದೀರಿ ಅಂತ ಯಾರೂ ನೋಡುವುದಿಲ್ಲ. ಸ್ಟೇಜ್ ಮೇಲಿರುವವರಂತೂ ತಲೆ ಎತ್ತುವುದೇ ಇಲ್ಲ.