ಮೊಡೆಮ್ ಬದಲಿಸುವ ಮುಂಚೆ ಗೋಡೆಯ ಫೋನ್ ಡಬ್ಬಿ ಬಿಚ್ಚಿ ನೋಡಿ

ಪ್ರಶ್ನೆ: ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಮನೆ. ಲ್ಯಾಂಡ್‌ಲೈನ್ ಮೇಲೆಯೇ ಬ್ರಾಡ್‌ಬ್ಯಾಂಡ್ ಇದೆ. ಪ್ಲಾನ್ 8 ಎಂಬಿಪಿಎಸ್, ಸಿಗುವುದು ಒಂದು, ಒಂದೂವರೆ. ಫೋನ್ ರಿಂಗ್ ಆದರೆ ನೆಟ್ ಕಡಿದು ಹೋಗುತ್ತದೆ. ಮಳೆ ಹಿಡಿದರೆ ಇನ್ನೂ ಕಷ್ಟ. ಹೊಸ ಮೊಡೆಮ್ ತಂದೆವು, ಏನೂ ಬದಲಾಗಲಿಲ್ಲ. ಕಂಪನಿಯವರನ್ನು ಕೇಳಿದರೆ ‘ಎಕ್ಸ್‌ಚೇಂಜ್‌ನಿಂದ ಲೈನ್ ಸರಿ ಐತ್ರಿ’ ಅನ್ನುತ್ತಾರೆ. ಮನೆಯಲ್ಲಿ ಪಡಸಾಲೆ, ಅಡುಗೆಮನೆ ಪಕ್ಕ ಮತ್ತು ಮಹಡಿ, ಹೀಗೆ ಮೂರು ಕಡೆ ಫೋನ್ ಪಾಯಿಂಟ್ ಇವೆ. ಮೊಡೆಮ್ ಇರುವುದು ಮಹಡಿಯಲ್ಲಿ, ಮಗಳು ಓದುವ ಕೋಣೆಯಲ್ಲಿ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ರಿಂಗ್ ಆದಾಗ ಕಡಿಯುವುದು, ಮಳೆಗೆ ಹೆಚ್ಚಾಗುವುದು, ಮನೆಯಲ್ಲಿ ಮೂರು ಪಾಯಿಂಟ್ ಇರುವುದು. ಈ ಮೂರೂ ಕೂಡಿದ ಮನೆಯಲ್ಲಿ ನಾನು ಮೊದಲು ಅನುಮಾನ ಪಡುವುದು ಗೋಡೆಯ ರೋಸೆಟ್ ಡಬ್ಬಿಯ ಮೇಲೆ, ಮತ್ತು ಅಲ್ಲಿಂದ ಮನೆಯೊಳಗೆಲ್ಲ ಹರಿದಿರುವ ತಂತಿಯ ಮೇಲೆ. ಮೊಡೆಮ್ ಮತ್ತು ಎಕ್ಸ್‌ಚೇಂಜ್ ಸರದಿ ಆಮೇಲೆ.

ಸುಮ್ನೆ ಅನುಮಾನದ ಮೇಲೆ ತಂತಿ ಕೀಳಬೇಡಿ. ಮೊದಲು ಒಂದು ಸಂಗತಿ ಖಚಿತ ಮಾಡಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಮೊಡೆಮ್‌ನ ಪುಟ ತೆರೆಯಿರಿ. ಹೆಚ್ಚಿನ ಮೊಡೆಮ್‌ಗಳಲ್ಲಿ ವಿಳಾಸ 192.168.1.1 ಆಗಿರುತ್ತದೆ. ಅದು ಮತ್ತು ಪಾಸ್‌ವರ್ಡ್ ಮೊಡೆಮ್ ತಳದ ಚೀಟಿಯ ಮೇಲೆ ಬರೆದಿರುತ್ತವೆ. ಅಲ್ಲಿ ಡಿಎಸ್‌ಎಲ್ ಸ್ಟೇಟಸ್ ಅನ್ನುವ ಕಡೆ ಲೈನ್ ರೇಟ್ ಕಾಣುತ್ತದೆ. ಇದು ನಿಮ್ಮ ಮೊಡೆಮ್ ಮತ್ತು ಎಕ್ಸ್‌ಚೇಂಜ್ ತಮ್ಮತಮ್ಮಲ್ಲಿ ಒಪ್ಪಿಕೊಂಡ ವೇಗ. ಸ್ಪೀಡ್ ಟೆಸ್ಟ್‌ನಲ್ಲಿ ಬರುವುದು ಬೇರೆ. ಲೈನ್ ರೇಟ್ 8 ತೋರಿಸುತ್ತಿದ್ದು, ಸಂಜೆ ಹೊತ್ತು ಸ್ಪೀಡ್ ಟೆಸ್ಟ್ ಮಾತ್ರ 1 ಬಂದರೆ ಅದಕ್ಕೆ ನಿಮ್ಮ ಮನೆಯ ತಂತಿ ಕಾರಣವಲ್ಲ. ಮುಂದೆ ಎಲ್ಲೋ ಜನಸಂದಣಿ ಇದೆ, ಇಲ್ಲವೇ ಮನೆಯ ವೈಫೈ ದುರ್ಬಲವಾಗಿದೆ. ಲೈನ್ ರೇಟೇ 1 ಅಥವಾ ಒಂದೂವರೆಗೆ ಬಿದ್ದಿದ್ದರೆ ದೋಷ ತಾಮ್ರದ ಜೋಡಿಯಲ್ಲೇ, ಅಂದರೆ ಫೋನ್‌ನ ಎರಡು ಎಳೆ ತಂತಿಯಲ್ಲೇ ಇದೆ.

ಅದೇ ಪುಟದಲ್ಲಿ ಇನ್ನೆರಡು ಅಂಕಿ ಬರೆದಿಟ್ಟುಕೊಳ್ಳಿ. ಒಂದು ಎಸ್‌ಎನ್‌ಆರ್ ಮಾರ್ಜಿನ್. ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ, ಕೈಯಲ್ಲಿ ಎಷ್ಟು ಉಳಿತಾಯವಿದೆ ಎಂಬ ಲೆಕ್ಕ. 10 ಡೆಸಿಬಲ್‌ಗಿಂತ ಜಾಸ್ತಿ ಇದ್ದರೆ ನೆಮ್ಮದಿ, 6ಕ್ಕಿಂತ ಕೆಳಗೆ ಹೋದರೆ ಆಗಾಗ ಕಡಿಯುತ್ತದೆ. ಇನ್ನೊಂದು ಅಟೆನ್ಯುಯೇಶನ್, ದಾರಿಯಲ್ಲಿ ಸಿಗ್ನಲ್ ಎಷ್ಟು ಸೋರಿತು ಎಂಬುದು. 30ರ ಒಳಗಿದ್ದರೆ ಒಳ್ಳೆಯ ಲೈನ್. 60 ದಾಟಿದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಇದು ಮುಖ್ಯವಾಗಿ ಎಕ್ಸ್‌ಚೇಂಜ್‌ನಿಂದ ನಿಮ್ಮ ಮನೆಗೆ ಕೇಬಲ್ ಎಷ್ಟು ಉದ್ದ ಬಂದಿದೆ ಎಂಬುದರ ಮೇಲೆ ನಿಂತಿರುತ್ತದೆ. ಹಾಗಾಗಿ ದಿನದಿಂದ ದಿನಕ್ಕೆ ಹೆಚ್ಚು ಬದಲಾಗಬಾರದು. ಮಳೆ ಬಂದ ದಿನ ಅಟೆನ್ಯುಯೇಶನ್ ಜಿಗಿದರೆ ಎಲ್ಲೋ ಒಂದು ಜಾಯಿಂಟ್ ನೀರು ಕುಡಿಯುತ್ತಿದೆ ಅಂತಲೇ ಅರ್ಥ.

ಈಗ ನಿಜವಾದ ಪರೀಕ್ಷೆ. ಇದೊಂದನ್ನು ಮಾಡದೆ ಯಾರೂ ಹೊಸ ಮೊಡೆಮ್‌ಗೆ ದುಡ್ಡು ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಂಬದಿಂದ ಬಂದ ಡ್ರಾಪ್ ವೈರ್ ಮನೆಯೊಳಗೆ ಹೊಕ್ಕು ಮೊದಲು ಸೇರುವ ರೋಸೆಟ್ ಎಲ್ಲಿದೆ ಎಂದು ಹುಡುಕಿ. ಹಳೆಯ ಮನೆಗಳಲ್ಲಿ ಅದು ಬಹುತೇಕ ಪಡಸಾಲೆಯಲ್ಲೋ ಕಟ್ಟೆಯ ಮೇಲಿನ ಗೋಡೆಯಲ್ಲೋ ಇರುತ್ತದೆ. ಆ ಡಬ್ಬಿಯ ಮುಚ್ಚಳ ಬಿಚ್ಚಿ. ಹೊರಗಿನಿಂದ ಬಂದ ಎರಡು ಎಳೆ ಯಾವವು, ಒಳಗಿನ ಪಾಯಿಂಟ್‌ಗಳಿಗೆ ಹೋಗುವ ಎಳೆಗಳು ಯಾವವು ಎಂದು ಗುರುತು ಹಾಕಿಕೊಳ್ಳಿ. ಮೊಬೈಲ್‌ನಲ್ಲಿ ಒಂದು ಫೋಟೊ ಹೊಡೆದುಕೊಂಡರೆ ಒಳ್ಳೆಯದು. ಆಮೇಲೆ ಒಳಕ್ಕೆ ಹೋಗುವ ಎಲ್ಲ ಎಳೆಗಳನ್ನೂ ಸ್ಕ್ರೂ ಸಡಿಲಿಸಿ ತೆಗೆಯಿರಿ. ಮನೆಯ ಎಲ್ಲ ಫೋನ್‌ಗಳನ್ನೂ ಕಳಚಿ. ಮೊಡೆಮ್ ಕೆಳಗೆ ತಂದು, ಗಿಡ್ಡನೆಯ ತಂತಿಯಿಂದ ನೇರವಾಗಿ ಈ ಮೊದಲ ಡಬ್ಬಿಗೆ ಸಿಕ್ಕಿಸಿ. ಹತ್ತು ನಿಮಿಷ ಬಿಟ್ಟು ಮೂರೂ ಅಂಕಿ ಮತ್ತೆ ನೋಡಿ. ಲೈನ್ ರೇಟ್ ಏರಿದ್ದರೆ ದೋಷ ನಿಮ್ಮ ಮನೆಯೊಳಗೇ ಇದೆ. ಏನೂ ಬದಲಾಗದಿದ್ದರೆ ಈ ಡಬ್ಬಿಯಲ್ಲಿದೆ, ಇಲ್ಲವೇ ಹೊರಗಿದೆ.

ಡಬ್ಬಿ ಮುಟ್ಟುವ ಮುಂಚೆ ಒಂದು ಎಚ್ಚರಿಕೆ. ಫೋನ್ ಲೈನ್‌ನಲ್ಲಿ ಸಾಮಾನ್ಯವಾಗಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ಅದು ಕೈಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ರಿಂಗ್ ಬಂದಾಗ ಅದರ ಮೇಲೆ 75ರಿಂದ 90 ವೋಲ್ಟ್ ಎಸಿ ಬರುತ್ತದೆ. ಬರಿಗೈ ತಾಗಿದ್ದರೆ ಜೋರಾಗಿ ಹೊಡೆಯುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಇನ್ಸುಲೇಶನ್ ಹಿಡಿ ಇರುವ ಸ್ಕ್ರೂಡ್ರೈವರ್ ಬಳಸಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಹೊತ್ತಿನಲ್ಲಂತೂ ಈ ಕೆಲಸ ಬೇಡವೇ ಬೇಡ. ಆಗ ಲೈನ್ ಕಳಚಿಡುವುದೇ ಮೊಡೆಮ್‌ಗೂ ಕ್ಷೇಮ.

ಡಬ್ಬಿಯೊಳಗೆ ಏನು ನೋಡಬೇಕು? ಹಸಿರು ಕಿಲುಬು. ತಾಮ್ರ, ತೇವ ಮತ್ತು ಸದಾ ಇರುವ ಡಿಸಿ ವೋಲ್ಟೇಜ್ ಮೂರೂ ಸೇರಿದರೆ ಸ್ಕ್ರೂ ಕೆಳಗಿನ ತಾಮ್ರ ನಿಧಾನವಾಗಿ ಸವೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಗೋಡೆಗಳು ಎಷ್ಟು ಥಂಡಿ ಹಿಡಿಯುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಬ್ಬಕ್ಕೆ ಬಣ್ಣ ಹಚ್ಚುವಾಗ ಡಬ್ಬಿಯ ಮೇಲೇ ಬ್ರಷ್ ಆಡಿಸುವುದೂ ಉಂಟು. ಆ ಸುಣ್ಣ, ಡಿಸ್ಟೆಂಪರ್ ಒಳಗಿಳಿದು ಪ್ಲಗ್ ಕೂರುವ ಸಣ್ಣ ಚಿನ್ನದ ಬಣ್ಣದ ತಂತಿಗಳ ಮೇಲೆ ಒಣಗಿರುತ್ತದೆ. ಮಾತಿಗೆ ಇಷ್ಟು ಸಂಪರ್ಕ ಸಾಕು. ಮಾತಿನ ದನಿ 300ರಿಂದ 3400 ಹರ್ಟ್ಸ್ ಒಳಗೆ ಸಾಗುತ್ತದೆ. ನೆಟ್ ಅದೇ ತಂತಿಯಲ್ಲಿ ತುಂಬಾ ಮೇಲೆ, ಎಡಿಎಸ್‌ಎಲ್‌ನಲ್ಲಿ (ಫೋನ್ ತಂತಿಯ ಮೇಲೆ ನೆಟ್ ಒಯ್ಯುವ ಪದ್ಧತಿ) ಸುಮಾರು 1100 ಕಿಲೋಹರ್ಟ್ಸ್‌ವರೆಗೆ, ಅದರ ಮುಂದಿನ ರೂಪವಾದ ಎಡಿಎಸ್‌ಎಲ್ 2 ಪ್ಲಸ್‌ನಲ್ಲಿ ಅದರ ಎರಡರಷ್ಟು ಎತ್ತರಕ್ಕೆ ಹೋಗುತ್ತದೆ. ಹಾಗಾಗಿಯೇ ಫೋನ್‌ನಲ್ಲಿ ಮಾತು ಚೆನ್ನಾಗಿ ಕೇಳುವ ಲೈನ್‌ನಲ್ಲೂ ನೆಟ್ ತೆವಳಬಹುದು. ‘ಫೋನ್ ಸರಿ ಇದೆ, ಅಂದಮೇಲೆ ಲೈನ್ ಸರಿ ಇದೆ’ ಎಂಬ ಮಾತನ್ನು ಒಪ್ಪಬೇಡಿ.

ಕಿವಿಯಿಂದಲೂ ಒಂದು ಪರೀಕ್ಷೆ ಮಾಡಬಹುದು. ತಂತಿ ಇರುವ ಸಾದಾ ಫೋನನ್ನು ಮೊದಲ ಡಬ್ಬಿಗೆ ಹಾಕಿ. ರಿಸೀವರ್ ಎತ್ತಿ ಯಾವುದಾದರೂ ಒಂದೇ ಅಂಕಿ ಒತ್ತಿ. ಡಯಲ್ ಟೋನ್ ನಿಂತು ಸ್ವಲ್ಪ ಹೊತ್ತು ನಿಶ್ಶಬ್ದವಾಗುತ್ತದೆ. ಆಗ ಚರಚರ, ಪಟಪಟ ಕೇಳಿದರೆ ಜಾಯಿಂಟ್ ಹಾಳಾಗಿದೆ. ನಡುವೆ ಸ್ಪ್ಲಿಟರ್ (ಮಾತು ಮತ್ತು ನೆಟ್ ಬೇರೆ ಮಾಡುವ ಸಣ್ಣ ಡಬ್ಬಿ) ಇಲ್ಲದೆ ಸುಯ್ ಎಂಬ ಸದ್ದಷ್ಟೇ ಕೇಳಿದರೆ ಅದು ನೆಟ್‌ನ ಸದ್ದೇ ಇರಬಹುದು, ಅದಕ್ಕೆ ಹೆದರಬೇಡಿ.

ಇನ್ನು ನಿಮ್ಮ ಮೂರು ಪಾಯಿಂಟ್‌ಗಳ ವಿಷಯ. ಇದೇ ದೊಡ್ಡ ತೊಂದರೆ. ಲ್ಯಾಂಡ್‌ಲೈನ್ ಕಾಲದಲ್ಲಿ ಎಲೆಕ್ಟ್ರಿಶಿಯನ್‌ಗಳು ಎಕ್ಸ್‌ಟೆನ್ಶನ್ ಎಳೆದಿದ್ದು ಮಾತಿಗಾಗಿ. ಎಲ್ಲಿ ಸಿಕ್ಕಿತೋ ಅಲ್ಲಿ ತಂತಿ ಸುಲಿದು, ಹೊಸೆದು, ಇನ್ಸುಲೇಶನ್ ಟೇಪ್ ಸುತ್ತಿ ಪ್ಯಾರಲಲ್ ಕೊಟ್ಟರು. ಆಗ ಅದು ತಪ್ಪೇನೂ ಆಗಿರಲಿಲ್ಲ. ಆದರೆ ನೆಟ್‌ನ ಸಿಗ್ನಲ್ ಆ ಕವಲು ತಂತಿಯೊಳಗೂ ಹೋಗುತ್ತದೆ. ತುದಿಗೆ ಮುಟ್ಟಿ, ಮುಂದೆ ದಾರಿ ಇಲ್ಲದೆ, ಬಾವಿಯಲ್ಲಿ ಕೂಗಿದ ದನಿಯ ಹಾಗೆ ತಿರುಗಿ ಬರುತ್ತದೆ. ತಿರುಗಿ ಬಂದದ್ದು ಹೊಸದಾಗಿ ಬರುತ್ತಿರುವುದನ್ನು ಕೆಡಿಸುತ್ತದೆ. ಕವಲು ಸುಮಾರು 25 ಮೀಟರ್ ಇದ್ದರೆ ಹೊಡೆತ ಬೀಳುವುದು 2 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, 50 ಮೀಟರ್ ಇದ್ದರೆ 1 ಮೆಗಾಹರ್ಟ್ಸ್ ಹತ್ತಿರ. ಅಡುಗೆಮನೆ ಸುತ್ತಿ ಮಹಡಿ ಹತ್ತುವ ತಂತಿಗೆ 25 ಮೀಟರ್ ದೊಡ್ಡದಲ್ಲ. ಆ ಪಾಯಿಂಟ್‌ಗೆ ಫೋನ್ ಸಿಕ್ಕಿಸದೇ ಖಾಲಿ ಬಿಟ್ಟಿದ್ದರೂ ಈ ತೊಂದರೆ ಹೋಗುವುದಿಲ್ಲ. ತಂತಿ ಇದ್ದರೆ ಸಾಕು.

ನಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ಇದೆ. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ 765 ಕಿಲೋಹರ್ಟ್ಸ್‌ನದು. ಎಡಿಎಸ್‌ಎಲ್‌ನಲ್ಲಿ ನೆಟ್ ನಿಮ್ಮ ಕಡೆಗೆ ಇಳಿದು ಬರುವುದು 138ರಿಂದ 1104 ಕಿಲೋಹರ್ಟ್ಸ್ ನಡುವೆ. ಅಂದರೆ ರೇಡಿಯೋ ಅಲೆ ಸರಿಯಾಗಿ ಆ ಪಟ್ಟಿಯೊಳಗೇ ಕೂತಿದೆ. ಇದರಲ್ಲಿ ಆಕಾಶವಾಣಿಯ ತಪ್ಪು ಎಳ್ಳಷ್ಟೂ ಇಲ್ಲ. ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದ ಜೋಡಿ ತಂತಿ ಇಂಥ ಅಲೆಯನ್ನು ತಾನೇ ರದ್ದು ಮಾಡಿಕೊಳ್ಳುತ್ತದೆ. ಹೊಸೆಯದ ಚಪ್ಪಟೆ ತಂತಿ, ಒಂದು ಎಳೆ ಸಡಿಲವಾದ ಜಾಯಿಂಟ್, ಮಹಡಿಗೆ ನೇರ ಎಳೆದ ಬೆಲ್ ವೈರ್ (ಕರೆಗಂಟೆಗೆ ಬಳಸುವ ಸಾದಾ ತಂತಿ), ಇವು ಮಾತ್ರ ಆಂಟೆನಾ ಆಗಿಬಿಡುತ್ತವೆ. ಮೊಡೆಮ್ ಬುದ್ಧಿವಂತ. ಗದ್ದಲ ಇರುವ ಜಾಗ ಬಿಟ್ಟು ಉಳಿದ ಜಾಗದಲ್ಲಿ ಕೆಲಸ ಮಾಡುತ್ತದೆ. ಆದರೆ ಬಿಟ್ಟ ಜಾಗದಷ್ಟು ವೇಗ ಕಡಿಮೆ ಆಗಲೇಬೇಕಲ್ವಾ?

ರಿಂಗ್ ಆದಾಗ ಕಡಿಯುವುದಕ್ಕೆ ಕಾರಣ ಸಾಮಾನ್ಯವಾಗಿ ಸ್ಪ್ಲಿಟರ್ ಇಲ್ಲದ ಫೋನ್. ಮೊಡೆಮ್ ಜೊತೆ ಬಂದ ಒಂದೇ ಸ್ಪ್ಲಿಟರನ್ನು ಮಹಡಿಯಲ್ಲಿ ಹಾಕಿದ್ದೀರಿ ಅನ್ನಿಸುತ್ತದೆ. ಕೆಳಗಿನ ಎರಡು ಫೋನ್‌ಗಳು ಯಾವ ಅಡ್ಡಿಯೂ ಇಲ್ಲದೆ ನೇರ ಲೈನ್ ಮೇಲೆ ಕೂತಿವೆ. ರಿಂಗ್ ಬಂದಾಗ, ರಿಸೀವರ್ ಎತ್ತಿದಾಗ ಲೈನ್ ಒಮ್ಮೆಲೇ ಅಲುಗಾಡುತ್ತದೆ. ಮೊಡೆಮ್ ಹಿಡಿತ ತಪ್ಪುತ್ತದೆ. ಕಾರ್ಡ್‌ಲೆಸ್ ಫೋನ್, ಕಾಲರ್ ಐಡಿ ಡಬ್ಬಿ, ಫ್ಯಾಕ್ಸ್ ಇದ್ದರೆ ಅವುಗಳದ್ದೂ ಇದೇ ಕಥೆ.

ಸರಿ ಮಾಡುವುದು ಹೇಗೆ? ಪ್ರತಿ ಪಾಯಿಂಟ್‌ಗೂ ಒಂದೊಂದು ಫಿಲ್ಟರ್ (ಫೋನ್‌ಗೆ ಮಾತನ್ನಷ್ಟೇ ಬಿಡುವ ಸಣ್ಣ ಡಬ್ಬಿ) ಹಾಕಿ ಎಂದು ಹಲವರು ಹೇಳುತ್ತಾರೆ. ಅದು ನಡೆಯುತ್ತದೆ, ಆದರೆ ಕವಲು ತಂತಿ ಹಾಗೇ ಉಳಿಯುತ್ತದೆ. ನಿಮ್ಮಂಥ ಮನೆಗೆ ನಾನು ಹೇಳುವುದು ಇದು. ಮೊದಲ ರೋಸೆಟ್ ಹೊಸದು ಹಾಕಿ. ಡ್ರಾಪ್ ವೈರ್‌ನ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಸುಲಿದು, ಸ್ಕ್ರೂಗೆ ಗಟ್ಟಿಯಾಗಿ ಕೂರಿಸಿ. ಅಲ್ಲೇ ಸ್ಪ್ಲಿಟರ್ ಸಿಕ್ಕಿಸಿ. ಅದರ ಮೊಡೆಮ್ ತೂತಿಗೆ ಮೊಡೆಮ್, ಅಲ್ಲೇ ಪಡಸಾಲೆಯಲ್ಲಿ. ಫೋನ್ ತೂತಿಗೆ ಮನೆಯ ಎಲ್ಲ ಎಕ್ಸ್‌ಟೆನ್ಶನ್ ತಂತಿಗಳು. ಹೀಗೆ ಮಾಡಿದರೆ ಹಳೆಯ ವೈರಿಂಗ್ ಎಲ್ಲವೂ ಸ್ಪ್ಲಿಟರ್‌ನ ಆಚೆ ಹೋಗುತ್ತದೆ. ಅದು ಎಷ್ಟೇ ಹಳೆಯದಿರಲಿ, ನೆಟ್‌ಗೆ ತೊಂದರೆ ಕೊಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಮೂರೂ ಫೋನ್ ಮೊದಲಿನ ಹಾಗೇ ಇರುತ್ತವೆ.

ಮಗಳ ಕೋಣೆಗೆ ಏನು ಮಾಡುವುದು? ಫೋನ್ ತಂತಿಯನ್ನು ಮಹಡಿಗೆ ಎಳೆಯಬೇಡಿ, ಮೊಡೆಮ್‌ನಿಂದ ಲ್ಯಾನ್ ಕೇಬಲ್ ಎಳೆಯಿರಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ವೇಗ ಕಳೆಯದೆ ಒಯ್ಯುತ್ತದೆ. ಮೇಲೆ ಬೇಕಿದ್ದರೆ ಹಳೆಯ ರೂಟರ್ ಒಂದನ್ನು ವೈಫೈಗೆ ಇಟ್ಟುಕೊಳ್ಳಬಹುದು. ಕೇಬಲನ್ನು ಕರೆಂಟ್ ವೈರ್ ಇರುವ ಪೈಪಿನಲ್ಲಿ ತೂರಿಸಬೇಡಿ. ಗದ್ದಲದ ಮಾತು ಹಾಗಿರಲಿ, ಒಳಗೆ ಇನ್ಸುಲೇಶನ್ ಹೋದರೆ ಜೀವಕ್ಕೇ ಅಪಾಯ. ಆ ಪೈಪಿನಲ್ಲಿ ಈಗಾಗಲೇ ಫೋನ್ ತಂತಿ ಇದ್ದರೆ ಎಲೆಕ್ಟ್ರಿಶಿಯನ್ ಕರೆಸಿ ಹೊರಗೆ ತೆಗೆಸಿ.

ಮೊದಲ ಡಬ್ಬಿ ಹೊಸದಾದ ಮೇಲೂ, ಒಳಗಿನದೆಲ್ಲ ಕಳಚಿದ ಮೇಲೂ ಅಂಕಿ ಏರದಿದ್ದರೆ ಆಗ ಧೈರ್ಯವಾಗಿ ದೂರು ಕೊಡಿ. ‘ನೆಟ್ ಸ್ಲೋ’ ಎಂದಷ್ಟೇ ಬರೆಸಬೇಡಿ. ‘ಒಳಗಿನ ವೈರಿಂಗ್ ಪೂರ್ತಿ ಕಳಚಿ ಮೊದಲ ಪಾಯಿಂಟ್‌ನಲ್ಲಿ ನೋಡಿದ್ದೇನೆ, ಲೈನ್ ರೇಟ್ ಇಷ್ಟು, ಎಸ್‌ಎನ್‌ಆರ್ ಇಷ್ಟು, ಮಳೆಯಲ್ಲಿ ಇಷ್ಟಾಗುತ್ತದೆ’ ಎಂದು ಬರೆಸಿ. ಲೈನ್‌ಮನ್ ಬಂದಾಗ ಕಂಬದ ಡಿಪಿ ಬಾಕ್ಸ್‌ನಲ್ಲೇ (ಮನೆಮನೆಗೆ ಲೈನ್ ಹಂಚುವ ಡಬ್ಬಿ) ಮೊಡೆಮ್ ಹಚ್ಚಿ ನೋಡಲು ಕೇಳಿ. ಅಲ್ಲಿ ಚೆನ್ನಾಗಿ ಬಂದರೆ ಡ್ರಾಪ್ ವೈರ್ ಬದಲಿಸಬೇಕು. ಅಲ್ಲೂ ಬರದಿದ್ದರೆ ಬೇರೆ ಪೇರ್, ಅಂದರೆ ಬೇರೆ ತಾಮ್ರದ ಜೋಡಿ ಕೊಡಬೇಕು. ಆ ಕೆಲಸ ಅವರದು, ಡಿಪಿ ಬಾಕ್ಸ್‌ಗೆ ನೀವು ಕೈ ಹಾಕಬೇಡಿ.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮ ಅಂಗಡಿ. ಫೋನ್ ಪೂರ್ತಿ ಡೆಡ್ ಆಗಿದೆ, ಡಯಲ್ ಟೋನ್ ಇಲ್ಲ. ಆದರೆ ನೆಟ್ ನಿಧಾನವಾಗಿ ಬರುತ್ತಲೇ ಇದೆ. ಇದು ಹೇಗೆ ಸಾಧ್ಯ?

ಉತ್ತರ: ಎರಡು ಎಳೆಗಳಲ್ಲಿ ಒಂದು ಎಲ್ಲೋ ಕಡಿದಿದೆ. ಮಾತಿಗೆ ಡಿಸಿ ಕರೆಂಟ್ ಪೂರ್ತಿ ಸುತ್ತು ಬರಬೇಕು, ಒಂದು ಎಳೆ ಹೋದರೆ ಮುಗಿಯಿತು. ನೆಟ್‌ನ ಸಿಗ್ನಲ್ ಎತ್ತರದ ಫ್ರೀಕ್ವೆನ್ಸಿಯದು. ಕಡಿದ ಜಾಗದ ಸಣ್ಣ ಸಂದನ್ನು ಅದು ಅಲ್ಪಸ್ವಲ್ಪ ದಾಟಿಬಿಡುತ್ತದೆ. ಅದಕ್ಕೇ ಕುಂಟುತ್ತ ಬರುತ್ತಿದೆ. ಮೊದಲ ರೋಸೆಟ್‌ನ ಎರಡೂ ಸ್ಕ್ರೂ ನೋಡಿ. ಅಂಗಡಿಯಲ್ಲಿ ಇಲಿ ಇದ್ದರೆ ತಂತಿಯನ್ನು ಕೈಯಿಂದ ಸವರುತ್ತ ಹೋಗಿ ಕಡಿದ ಗುರುತು ಹುಡುಕಿ. ಮಲ್ಟಿಮೀಟರ್ ಇದ್ದರೆ ಡಿಸಿ ವೋಲ್ಟ್ ಅಳೆಯಿರಿ. ಫೋನ್ ಕಳಚಿದ ಮೊದಲ ಡಬ್ಬಿಯಲ್ಲಿ 48 ಆಸುಪಾಸು ಬರದಿದ್ದರೆ ಕಡಿದಿರುವುದು ಹೊರಗೆ.

ಪ್ರಶ್ನೆ: ಹಾವೇರಿಯಲ್ಲಿ ನಮ್ಮ ಓಣಿಗೆ ಫೈಬರ್ ಬಂದಿದೆ. ಹಳೆಯ ಫೋನ್ ವೈರಿಂಗ್ ರಿಪೇರಿ ಮಾಡಿಸಲೋ, ಫೈಬರ್ ತೆಗೆದುಕೊಳ್ಳಲೋ?

ಉತ್ತರ: ಫೈಬರ್ ತೆಗೆದುಕೊಳ್ಳಿ. ತಾಮ್ರದಲ್ಲಿ ಎಡಿಎಸ್‌ಎಲ್ 2 ಪ್ಲಸ್ ಎಷ್ಟೇ ಚೆನ್ನಾಗಿದ್ದರೂ 24 ಎಂಬಿಪಿಎಸ್ ದಾಟುವುದಿಲ್ಲ, ಅದೂ ಎಕ್ಸ್‌ಚೇಂಜ್ ಪಕ್ಕದಲ್ಲಿದ್ದರೆ. ಫೈಬರ್‌ಗೆ ಕಿಲುಬು ಹಿಡಿಯುವುದಿಲ್ಲ, ರೇಡಿಯೋ ಅಲೆಯೂ ತಾಗುವುದಿಲ್ಲ. ಆದರೆ ಫೈಬರ್ ಡಬ್ಬಿಯ ಫೋನ್ ತೂತಿನಿಂದ ಮನೆಯ ಹಳೆಯ ಪಾಯಿಂಟ್‌ಗಳಿಗೆ ಕನೆಕ್ಷನ್ ಕೊಡುವ ಆಸೆ ಇದ್ದರೆ, ಮೊದಲು ಕಂಬದಿಂದ ಬರುವ ಹಳೆಯ ಡ್ರಾಪ್ ವೈರನ್ನು ರೋಸೆಟ್‌ನಿಂದ ಪೂರ್ತಿ ಬಿಡಿಸಿ. ಎರಡೂ ಕಡೆಯ ವೋಲ್ಟೇಜ್ ಒಂದೇ ತಂತಿಯಲ್ಲಿ ಕೂಡಿದರೆ ಹೊಸ ಡಬ್ಬಿ ಸುಟ್ಟುಹೋಗಬಹುದು. ಫೈಬರ್ ಎಳೆಯನ್ನು ಬಾಗಿಲ ಸಂದಿಯಲ್ಲಿ, ಮೂಲೆಯಲ್ಲಿ ಮಡಚಿ ತೂರಿಸಲು ಬಿಡಬೇಡಿ. ಡಬ್ಬಿಯ ಮೇಲೆ ಲಾಸ್ ಎಂದು ಬರೆದ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ಆಗ ಎಳೆ ಎಲ್ಲಾದರೂ ಮಡಚಿದೆಯೇ ನೋಡಿ, ಆಮೇಲೆ ದೂರು ಬರೆಸಿ.