ಬಂದೂಕಿನ ಜೊತೆಗೆ ಚಾಕುವೂ ಬೇಕೇ?

ಪ್ರಶ್ನೆ: ಮಾನ್ಯರೇ, ನಾನು ಮದ್ದೂರು ತಾಲ್ಲೂಕಿನ ರೈತ, ವಯಸ್ಸು 52. ನಾಲ್ಕು ಎಕರೆ ಕಬ್ಬು ಮತ್ತು ಒಂದು ಆಲೆಮನೆ ಇದೆ. ಬೆಳೆ ಕಾಯಲೆಂದು ತಂದೆಯವರ ಕಾಲದಿಂದ ಮನೆಯಲ್ಲಿರುವ ಒಂಟಿ ನಳಿಗೆ ಬಂದೂಕಿನ ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದ್ದು, 2021ರ ಜುಲೈನಲ್ಲಿ ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದೇನೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಮೋಟರ್ ಹಾಕಲು ಒಬ್ಬನೇ ಗದ್ದೆಗೆ ಹೋಗುತ್ತೇನೆ. ಮಂಡ್ಯದ ಎಪಿಎಂಸಿಯಲ್ಲಿ ಬೆಲ್ಲ ಮಾರಿ, ಕತ್ತಲಾದ ಮೇಲೆ ಹಣದೊಂದಿಗೆ ಬೈಕಿನಲ್ಲಿ ಊರಿಗೆ ಬರುವುದೂ ಉಂಟು. ಟೆಕ್ಸಾಸ್‌ನಲ್ಲಿರುವ ನನ್ನ ಭಾಮೈದ, ‘ಭಾವ, ಬಂದೂಕು ಕೈಕೊಟ್ಟರೆ ಏನು ಮಾಡ್ತೀರಿ? ಇಲ್ಲಿ ಪಿಸ್ತೂಲು ಇಟ್ಟುಕೊಂಡವರು ಎಡಗಡೆ ಸೊಂಟದಲ್ಲಿ ಚಾಕುವನ್ನೂ ಇಟ್ಟುಕೊಂಡಿರ್ತಾರೆ’ ಎಂದು ಹೇಳಿ, ಊರಿಗೆ ಬಂದಾಗ ನಾಲ್ಕು ಇಂಚಿನ ಅಲಗಿನ ಮಡಚುವ ಚಾಕು ತಂದುಕೊಟ್ಟಿದ್ದಾನೆ. ಇದನ್ನು ಬಂದೂಕಿನ ಜೊತೆ ಇಟ್ಟುಕೊಳ್ಳಬಹುದೇ? ಬಂದೂಕಿನ ಲೈಸೆನ್ಸ್ ಇದಕ್ಕೂ ಸಾಲುತ್ತದೆಯೇ? ಹೆಸರು ಪ್ರಕಟಿಸಬೇಡಿ.

ಉತ್ತರ: ನಿಮ್ಮ ಭಾಮೈದ ಹೇಳಿದ ಮಾತು ಅವರು ಇರುವ ನೆಲದ ಮಟ್ಟಿಗೆ ಸುಳ್ಳಲ್ಲ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ 21 ವರ್ಷ ದಾಟಿದವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಕಟ್ಟಿಕೊಂಡು ಓಡಾಡಬಹುದು. ಶಾಲೆಯಂಥ ಕೆಲವು ಜಾಗಗಳನ್ನು ಬಿಟ್ಟರೆ ಐದೂವರೆ ಇಂಚಿಗಿಂತ ಉದ್ದದ ಚಾಕುವಿಗೂ ಅಲ್ಲಿ 2017ರಿಂದ ತಡೆಯಿಲ್ಲ. ಅಲ್ಲಿ ಚಾಕುವನ್ನು ಎಡಗಡೆ ಇಟ್ಟುಕೊಳ್ಳುವುದಕ್ಕೂ ಒಂದು ಕಾರಣವಿದೆ. ಎದುರಾಳಿ ಮೈಮೇಲೆ ಬಿದ್ದು ಬಲಸೊಂಟದ ಪಿಸ್ತೂಲಿಗೆ ಕೈ ಹಾಕಿದರೆ, ಬಲಗೈಯಿಂದ ಅದನ್ನು ಚೀಲದಲ್ಲೇ ಅದುಮಿ ಹಿಡಿದು, ಎಡಗೈಯಿಂದ ಚಾಕು ಎಳೆದು ಅವನ ಹಿಡಿತ ಬಿಡಿಸಬೇಕೆಂಬುದು ಅದರ ಲೆಕ್ಕ. ಅದಕ್ಕೆಂದೇ ತರಬೇತಿ ಪಡೆದು, ಮತ್ತೆ ಮತ್ತೆ ಅಭ್ಯಾಸ ಮಾಡಿದವರಿಗೆ ಆ ಲೆಕ್ಕ ಕೂಡಿಬರಬಹುದು. ಆದರೆ ನಿಮ್ಮ ಹೆಗಲ ಮೇಲಿರುವುದು ಪಿಸ್ತೂಲಲ್ಲ, ಎರಡೂ ಕೈ ಬೇಡುವ ಉದ್ದದ ಬಂದೂಕು. ಯಾರಾದರೂ ಅದರ ನಳಿಗೆಯನ್ನು ಹಿಡಿದುಕೊಂಡರೆ, ನೀವು ಒಂದು ಕೈ ಬಿಟ್ಟು ಸೊಂಟದಲ್ಲಿ ಚಾಕು ತಡಕಾಡಿ, ಹೊರಗೆ ತೆಗೆದು, ಅಲಗು ಬಿಡಿಸುವಷ್ಟರಲ್ಲಿ ಬಂದೂಕು ಅವನ ಕೈ ಸೇರಿರುತ್ತದೆ. ಆದ್ದರಿಂದ ಕಾನೂನಿನ ಮಾತು ಎತ್ತುವ ಮೊದಲೇ ನನ್ನ ಉತ್ತರ ಹೇಳಿಬಿಡುತ್ತೇನೆ: ಆ ಚಾಕು ಬೇಡ.

ನನ್ನ ಮಾತನ್ನು ನಂಬಬೇಕಿಲ್ಲ, ನಿಮ್ಮ ಮನೆಯ ಅಂಗಳದಲ್ಲೇ ನೋಡಬಹುದು. ಬಂದೂಕನ್ನು ಒಳಗೆ ಬೀಗ ಹಾಕಿಡಿ; ಅದರ ಬದಲು ಅಷ್ಟೇ ಉದ್ದದ ಒಂದು ಕೋಲನ್ನು ಹೆಗಲಿಗೆ ಹಾಕಿಕೊಳ್ಳಿ, ಚಾಕುವಿನ ಬದಲು ಒಂದು ಪೆನ್ನನ್ನು ಸೊಂಟದ ಉಡಿಗೆ ಸಿಕ್ಕಿಸಿಕೊಳ್ಳಿ. ಮಗನನ್ನೋ ಅಳಿಯನನ್ನೋ 21 ಅಡಿ ದೂರದಲ್ಲಿ ನಿಲ್ಲಿಸಿ, ಹೇಳದೆ ಕೇಳದೆ ನಿಮ್ಮ ಕಡೆ ಓಡಿ ಬರಲು ಹೇಳಿ. ಈ 21 ಅಡಿಯ ಅಳತೆ ನನ್ನದಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಡೆನಿಸ್ ಟ್ಯೂಲರ್ ಎಂಬ ಪೊಲೀಸ್ ಅಧಿಕಾರಿ, ಚಾಕು ಹಿಡಿದವನು ಅಷ್ಟು ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆಂದು 1983ರಲ್ಲಿ ಬರೆದು ತೋರಿಸಿದರು. ನಿಮ್ಮ ಮಗ ಬಂದು ಮುಟ್ಟುವಷ್ಟರಲ್ಲಿ ಪೆನ್ನು ನಿಮ್ಮ ಕೈಗೆ ಬಂದಿತ್ತೇ, ಬಂದಿದ್ದರೆ ಕೋಲು ಎಲ್ಲಿ ಹೋಯಿತು ಎಂಬುದನ್ನು ಗಮನಿಸಿ. ಇದೆಲ್ಲ ಹಗಲಿನಲ್ಲಿ, ಸಮತಟ್ಟಾದ ನೆಲದಲ್ಲಿ ನಡೆಯುವ ಪರೀಕ್ಷೆ. ನೀವು ಓಡಾಡುವುದು ನೀರು ಹಾಯಿಸಿ ಕೆಸರಾದ ಬದುವಿನ ಮೇಲೆ, ಎರಡೂ ಪಕ್ಕ ಆಳೆತ್ತರದ ಕಬ್ಬಿನ ನಡುವೆ.

ಮಂಡ್ಯ ಮತ್ತು ಶ್ರೀರಂಗಪಟ್ಟಣದ ನ್ಯಾಯಾಲಯಗಳಲ್ಲಿ ಮೂವತ್ತು ವರ್ಷ ಕ್ರಿಮಿನಲ್ ವಕಾಲತ್ತು ನಡೆಸಿದ ನನಗೆ ಚಾಕುವಿನ ವಿಚಾರ ಬಂದಾಗಲೆಲ್ಲ ಒಂದು ಅಂಗೈ ಕಣ್ಣ ಮುಂದೆ ಬರುತ್ತದೆ. ಬದುವಿನ ಜಗಳಕ್ಕೆ ಹೋಗುವಾಗ ಧೈರ್ಯಕ್ಕಿರಲಿ ಎಂದು ಅಡುಗೆಮನೆಯ ಚಾಕುವನ್ನು ಜೇಬಿಗೆ ಹಾಕಿಕೊಂಡಿದ್ದ ಕಕ್ಷಿದಾರರೊಬ್ಬರು ಎದುರಾಳಿ ದೊಣ್ಣೆ ಎತ್ತಿದಾಗ ತಿವಿದರು. ಚಾಕು ಎದುರಾಳಿಯ ಬೆಲ್ಟಿನ ಬಕಲಿಗೆ ತಗುಲಿ ನಿಂತಿತು. ಬೆವರಿದ ಕೈ ನಿಲ್ಲದೆ ಹಿಡಿಯಿಂದ ಅಲಗಿನ ಮೇಲೆ ಜಾರಿತು. ವಕಾಲತ್ತಿಗೆ ಸಹಿ ಹಾಕಲು ನನ್ನ ಮೇಜಿನ ಮುಂದೆ ಪೆನ್ನು ಹಿಡಿದಾಗ ಅವರ ಕಿರುಬೆರಳು ಮತ್ತು ಉಂಗುರದ ಬೆರಳು ಮಡಚಲೇ ಇಲ್ಲ, ಬೆರಳು ಮಡಚುವ ಸ್ನಾಯುರಜ್ಜು ಕತ್ತರಿಸಿಹೋಗಿತ್ತು. ದೊಣ್ಣೆಯ ಪೆಟ್ಟಿನ ಗುರುತು ಅವರ ಮೈಮೇಲೆ ಎಲ್ಲೂ ಇರಲಿಲ್ಲ. ಇದ್ದ ಒಂದೇ ಗಾಯ ಅವರದೇ ಚಾಕು ಮಾಡಿದ್ದು, ಆತ್ಮರಕ್ಷಣೆ ಎಂದು ವಾದಿಸಲು ಹೊರಟ ನನಗೆ ಅದೇ ಮೊದಲ ತೊಡಕಾಯಿತು.

ಇನ್ನು ಲೈಸೆನ್ಸ್ ವಿಚಾರ. ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿ ನಮೂದಾಗಿರುವುದು ಆ ಒಂದು ಬಂದೂಕು ಮಾತ್ರ. ಚಾಕುವಿಗೆ ಅದರ ನೆರಳೂ ತಾಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪಿಸಿದ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಿರುವ ಅಲಗಿನ ಚಾಕು, ಕಠಾರಿ, ಕತ್ತಿಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸಿವೆ. ಕಾಯ್ದೆಯ 4ನೇ ಕಲಮಿನ ಪ್ರಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅಂಥವುಗಳಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಗೃಹಬಳಕೆಗೆ, ವ್ಯವಸಾಯಕ್ಕೆ ಎಂದೇ ಮಾಡಿದ ಸಾಧನಗಳು ಈ ಪಟ್ಟಿಯಿಂದ ಹೊರಗೆ. ಕಬ್ಬು ಕಡಿಯುವ ಮಚ್ಚು ಎರಡು ಇಂಚಿಗಿಂತ ಅಗಲವಿದ್ದರೂ ಯಾರೂ ಕೇಳದಿರುವುದು ಈ ಕಾರಣಕ್ಕೆ. ನಿಮ್ಮ ನಾಲ್ಕು ಇಂಚಿನ ಚಾಕು ಆ ಅಳತೆಯೊಳಗೇ ಇದೆ ಎಂಬುದು ನಿಜ, ಆದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಗಲಭೆ, ಚುನಾವಣೆ, ಬಂದ್‌ಗಳ ಸಮಯದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ, ಅಂದರೆ ನಾವೆಲ್ಲ 144 ಎಂದು ಕರೆಯುತ್ತಿದ್ದ ಆದೇಶ ಜಾರಿಯಾದಾಗ, ಆಯುಧ ಹಿಡಿದು ಓಡಾಡುವುದನ್ನೇ ನಿಷೇಧಿಸಲಾಗುತ್ತದೆ. ಆಗ ಪೊಲೀಸರು ಇಂಚುಪಟ್ಟಿ ಇಟ್ಟು ಅಳೆಯುವುದಿಲ್ಲ. ಕಾವೇರಿ ಗಲಾಟೆಯ ದಿನಗಳನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಖ್ಯವಾದ ಮಾತು ಇನ್ನೊಂದಿದೆ. ಆತ್ಮರಕ್ಷಣೆಯ ಹಕ್ಕು ನಿಮಗೆ ಖಂಡಿತ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದನ್ನೇ ಹೇಳುತ್ತವೆ. ಜೀವಕ್ಕೋ ಅಂಗಾಂಗಕ್ಕೋ ಅಪಾಯವಾಗುವ ಭಯ ನ್ಯಾಯಸಮ್ಮತವಾಗಿದ್ದರೆ, ಸುಲಿಗೆಯೋ ರಾತ್ರಿ ಮನೆ ನುಗ್ಗುವುದೋ ನಡೆದರೆ, ಆ ಹಕ್ಕು ಎದುರಾಳಿಯ ಪ್ರಾಣಹಾನಿಯವರೆಗೂ ವಿಸ್ತರಿಸಬಹುದು. ಆದರೆ 37ನೇ ಕಲಮು ಇದಕ್ಕೆ ಬೇಲಿ ಹಾಕಿದೆ: ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ, ರಕ್ಷಣೆಗೆ ಅಗತ್ಯವಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಾಣಭಯದಲ್ಲಿರುವವನು ತಕ್ಕಡಿ ಹಿಡಿದು ಪೆಟ್ಟು ತೂಗಬೇಕೆಂದು ನಿರೀಕ್ಷಿಸಬಾರದೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಹಾಗೆಯೇ, ಆ ಹಕ್ಕು ಸೇಡಿಗಾಗಿ ಅಲ್ಲ, ರಕ್ಷಣೆಗಾಗಿ ಮಾತ್ರ ಎಂದೂ ಹೇಳಿತು. ಹಣದ ಚೀಲ ಬಿಟ್ಟು ಓಡುತ್ತಿರುವವನ ಬೆನ್ನಿಗೆ ಬಿದ್ದ ಇರಿತವನ್ನು ರಕ್ಷಣೆ ಎಂದು ಯಾವ ನ್ಯಾಯಾಧೀಶರೂ ಒಪ್ಪುವುದು ಕಷ್ಟ.

ಒಂದು ವೇಳೆ ಸಾವು ಸಂಭವಿಸಿ, ನೀವು ಮಿತಿ ಮೀರಿದಿರಿ ಎಂದು ನ್ಯಾಯಾಲಯ ಕಂಡುಕೊಂಡರೂ, ಅದು ಕೊಲೆಯಾಗದೆ ಕಡಿಮೆ ಅಪರಾಧವಾಗುವ ಒಂದು ವಿನಾಯಿತಿ ನ್ಯಾಯ ಸಂಹಿತೆಯ 101ನೇ ಕಲಮಿನಲ್ಲಿದೆ. ಅದು ಸಿಗಬೇಕಾದರೆ ಕೃತ್ಯ ಪೂರ್ವಯೋಜಿತವಾಗಿರಬಾರದು. ಸರ್ಕಾರಿ ಅಭಿಯೋಜಕರು ಎದ್ದು ನಿಂತು ಕೇಳುವ ಪ್ರಶ್ನೆಯನ್ನು ನಾನು ಈಗಲೇ ಹೇಳಬಲ್ಲೆ: ‘ಕೈಯಲ್ಲಿ ಬಂದೂಕು ಇದ್ದ ಮೇಲೆ, ಕಬ್ಬಿನ ಕೆಲಸಕ್ಕೂ ಬಾರದ ಈ ವಿದೇಶಿ ಚಾಕುವನ್ನು ಏತಕ್ಕೆ ಸೊಂಟದಲ್ಲಿ ಇಟ್ಟುಕೊಂಡು ಹೋಗಿದ್ದಿರಿ?’ ಚಾಕು ಜೊತೆಗಿತ್ತು ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯ ಪೂರ್ವಯೋಜನೆ ಎಂದು ತೀರ್ಮಾನಿಸಿಬಿಡುವುದಿಲ್ಲ. ಆದರೆ ಆತ್ಮರಕ್ಷಣೆಯ ಸಂದರ್ಭವಿತ್ತೆಂದು ತೋರಿಸುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನ ಪ್ರಕಾರ ನಿಮ್ಮದೇ. ಅದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಸಂಭವನೀಯವೆಂದು ತೋರಿಸಿದರೆ ಸಾಕು. ಆದರೂ ಆ ಚಾಕು ಪ್ರತಿ ಹೆಜ್ಜೆಗೂ ನಿಮ್ಮ ಕಾಲಿಗೆ ತೊಡರುತ್ತದೆ. ಸಾವಾಗದೆ ಗಾಯವಷ್ಟೇ ಆದರೂ, ಕತ್ತರಿಸುವ ಸಾಧನದಿಂದ ತೀವ್ರ ಗಾಯ ಮಾಡಿದ್ದಕ್ಕೆ ನ್ಯಾಯ ಸಂಹಿತೆಯ 118ನೇ ಕಲಮಿನಡಿ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆಯಿದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು, ಏಕೆಂದರೆ ನನಗೆ ಚಾಕುವಿಗಿಂತ ಅದೇ ಹೆಚ್ಚು ಆತಂಕ ತಂದಿದೆ. ಬೆಲ್ಲದ ಹಣ ತರುವಾಗಲೂ ಬಂದೂಕನ್ನು ಜೊತೆಯಲ್ಲಿ ಒಯ್ಯುತ್ತೀರಾ ಎಂಬುದು ನಿಮ್ಮ ಪತ್ರದಿಂದ ಸ್ಪಷ್ಟವಾಗುವುದಿಲ್ಲ. ಒಯ್ಯುತ್ತಿದ್ದರೆ ಇಂದೇ ನಿಲ್ಲಿಸಿ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್ ಪೇಟೆಯಲ್ಲಿ ಹಣ ಕಾಯುವುದಕ್ಕಲ್ಲ. ಪುಸ್ತಕದಲ್ಲಿ ಉದ್ದೇಶ ಏನೆಂದಿದೆ, ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದನ್ನು ಓದಿ ನೋಡಿ. ಷರತ್ತು ಮೀರುವುದೇ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಮಿನಡಿ ಅಪರಾಧ, ಲೈಸೆನ್ಸ್ ರದ್ದಾಗಲೂ ಅದು ದಾರಿ. ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಅದಕ್ಕೆಂದೇ ಇರುವ ಚೀಲದೊಳಗೆ ಮುಚ್ಚಿಯೇ ಒಯ್ಯಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಹಾಗೆ ಚೀಲದೊಳಗಿರುವ ಬಂದೂಕು ಬೈಕಿನ ಮೇಲೆ ಕುಳಿತವನಿಗೆ ತುರ್ತಿನಲ್ಲಿ ಒದಗುವುದೂ ಇಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇರುವುದನ್ನು ನೋಡಿ ನಮ್ಮ ಕಡೆಯ ಕೆಲವರು ತಮಗೂ ಸಡಿಲಿಕೆ ಇದೆಯೆಂದು ಭಾವಿಸುತ್ತಾರೆ. ಅದು ಆ ಜನರಿಗೆ ಮಾತ್ರ.

ಬೆಲ್ಲದ ಹಣವನ್ನು ಮಂಡಿಯವರಿಂದ ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ನಿಮ್ಮ ಬಳಿ ಹಣವಿಲ್ಲವೆಂಬುದು ನಾಲ್ಕು ಜನಕ್ಕೆ ಗೊತ್ತಾಗಲಿ. ಕಬ್ಬಿನ ಗದ್ದೆಯ ರಾತ್ರಿಗೆ ಮೊಬೈಲಿನಿಂದ ಮೋಟರ್ ಆನ್ ಮಾಡುವ ಸ್ಟಾರ್ಟರ್ ಹಾಕಿಸಿದರೆ ಅರ್ಧ ಓಡಾಟವೇ ತಪ್ಪುತ್ತದೆ. ಹೋಗಲೇಬೇಕಾದ ರಾತ್ರಿ ಪಕ್ಕದ ಗದ್ದೆಯವರ ಜೊತೆ ಸಮಯ ಹೊಂದಿಸಿಕೊಂಡು ಇಬ್ಬರಾಗಿ ಹೋಗಿ, ತಲೆಗೆ ಕಟ್ಟುವ ಟಾರ್ಚ್ ಇರಲಿ, 112 ಮತ್ತು ನಿಮ್ಮ ಬೀಟಿನ ಪೊಲೀಸರ ನಂಬರು ಒಂದೇ ಒತ್ತಿಗೆ ಸಿಗುವಂತಿರಲಿ. ಚಿರತೆಯ ಭಯವೂ ಮನಸ್ಸಿನಲ್ಲಿದ್ದರೆ ಅದು ಸುಳ್ಳು ಭಯವಲ್ಲ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಆದರೆ ಚಿರತೆಗೆ ಬೆದರಿಕೆಯಾಗುವುದು ಬೆಳಕು, ಸದ್ದು ಮತ್ತು ಗುಂಪು. ಚಾಕು ಉಪಯೋಗಕ್ಕೆ ಬರುವಷ್ಟು ಹತ್ತಿರ ಅದು ಬಂದಾಗ ಕಾಲ ಮೀರಿರುತ್ತದೆ. ಓಡಾಟ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಮೆಣಸಿನ ಸ್ಪ್ರೇ ಬಗ್ಗೆ ಹಲವರು ಕೇಳುತ್ತಾರೆ. ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಚಾಕುವಿಗಿಂತ ಎಷ್ಟೋ ವಾಸಿ. ಆದರೆ ಜೀವಕ್ಕೆ ಅಪಾಯವಿಲ್ಲದ ಜಗಳದಲ್ಲಿ ಅದನ್ನು ಬಳಸಿದ್ದು ಆತ್ಮರಕ್ಷಣೆಯಲ್ಲವೆಂದು ಕರ್ನಾಟಕ ಹೈಕೋರ್ಟ್ 2024ರ ಮೇ ತಿಂಗಳಲ್ಲಿ ಕೇಸು ರದ್ದುಪಡಿಸಲು ನಿರಾಕರಿಸಿದ್ದನ್ನು ನೆನಪಿಡಿ.

ಆ ಚಾಕುವನ್ನು ಎಸೆಯಬೇಕಿಲ್ಲ. ಮನೆಯಲ್ಲಿ ಗೊಬ್ಬರದ ಚೀಲದ ದಾರ ಕತ್ತರಿಸಲು, ಹಣ್ಣು ಹೆಚ್ಚಲು ಇರಲಿ. ಮಕ್ಕಳ ಕೈಗೆ ಸಿಗದಿರಲಿ. 2021ರ ಜುಲೈನಲ್ಲಿ ಐದು ವರ್ಷಕ್ಕೆ ನವೀಕರಣವಾದ ಲೈಸೆನ್ಸ್‌ನ ಅವಧಿ 2026ರ ಜುಲೈಗೆ ಮುಗಿಯುತ್ತದೆ. ಪುಸ್ತಕದಲ್ಲಿರುವ ದಿನಾಂಕವನ್ನು ನೋಡಿಕೊಂಡು, ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿಯನ್ನು ಮುಂಚಿತವಾಗಿಯೇ ಕೊಡಿ.