ಅಣಬೆಯೊಳಗಿನ ಭಾರ ಲೋಹ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಬ್ಬಿನ ರವದಿ ಹಾಗೂ ಜೋಳದ ಕಣಕಿಯನ್ನು ಕತ್ತರಿಸಿ, ಡ್ರಮ್ಮಿನಲ್ಲಿ ಕುದಿಸಿ, ಚೀಲಗಳಲ್ಲಿ ತುಂಬಿ ಚಿಪ್ಪು ಅಣಬೆ ಬೆಳೆಯುತ್ತಿದ್ದೇವೆ. ಅಣಬೆಯಲ್ಲಿ ಸೀಸ, ಕ್ಯಾಡ್ಮಿಯಂ ಇರುತ್ತವೆ ಎಂಬ ಮಾತು ಹಬ್ಬಿ ಕಾಯಂ ಗಿರಾಕಿಗಳೂ ಹಿಂದೇಟು ಹಾಕುತ್ತಿದ್ದಾರೆ. ನಾವು ಯಾವ ಔಷಧವನ್ನೂ ಸಿಂಪಡಿಸುವುದಿಲ್ಲ. ಹಾಗಿದ್ದರೂ ಲೋಹ ಎಲ್ಲಿಂದ ಬರುತ್ತದೆ?
– ಓದುಗರೊಬ್ಬರು, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ಗಿರಾಕಿಗಳು ಕೇಳಿದ್ದು ಪೂರ್ತಿ ಸುಳ್ಳಲ್ಲ; ಆದರೆ ಅಣಬೆಯನ್ನೇ ಬಿಟ್ಟುಬಿಡಲು ಅದು ಕಾರಣವೂ ಆಗಲಾರದು. ಅಣಬೆ ಹಸಿರು ಗಿಡಗಳಂತೆ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವುದಿಲ್ಲ. ಚೀಲದೊಳಗೆ ಬಿಳಿ ನೂಲಿನಂತೆ ಹಬ್ಬುವ ಅದರ ಎಳೆಗಳು ಕಿಣ್ವಗಳನ್ನು ಹೊರಬಿಟ್ಟು, ಹೊಟ್ಟನ್ನು ಕರಗಿಸಿ, ಅದರ ಸಾರವನ್ನು ಹೀರಿಕೊಳ್ಳುತ್ತವೆ. ಹಾಗೆ ಹೀರುವಾಗ ಅಣಬೆಗೆ ಬೇಕಾದ ಸತುವಿನೊಂದಿಗೆ, ರಾಸಾಯನಿಕವಾಗಿ ಸತುವನ್ನೇ ಹೋಲುವ ಕ್ಯಾಡ್ಮಿಯಂ ಕೂಡ ಒಳಗೆ ನುಸುಳುತ್ತದೆ. ಸೀಸ ಅಷ್ಟು ಸುಲಭವಾಗಿ ಏರುವುದಿಲ್ಲ. ಆದ್ದರಿಂದ ಬೆಳೆಸಿದ ಅಣಬೆಯಲ್ಲಿ ಮೊದಲು ಗಮನಿಸಬೇಕಾದದ್ದು ಕ್ಯಾಡ್ಮಿಯಂ ಅನ್ನು ಎಂಬುದು ನನ್ನ ಅಭಿಪ್ರಾಯ.

ಔಷಧ ಸಿಂಪಡಿಸದಿದ್ದರೆ ಲೋಹದ ಭಯವಿಲ್ಲ ಎಂದುಕೊಳ್ಳುವಂತಿಲ್ಲ, ಏಕೆಂದರೆ ಅದು ನಿಮ್ಮ ಕೋಣೆಗೆ ಬರುವುದು ಹೆಚ್ಚಾಗಿ ಹೊಟ್ಟು ಮತ್ತು ನೀರಿನ ಮೂಲಕ. ರಂಜಕದ ಗೊಬ್ಬರ ತಯಾರಾಗುವ ಬಂಡೆಯಲ್ಲೇ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ. ವರ್ಷಗಟ್ಟಲೆ ಆ ಗೊಬ್ಬರ ಹಾಕಿದ ಹೊಲದಲ್ಲಿ ಅದು ಉಳಿದು ಬೆಳೆಗೂ, ಬೆಳೆಯ ರವದಿಗೂ ಸೇರಬಹುದು. ಊರಿನ ಗಟಾರದ ನೀರು ಅಥವಾ ಕಾರ್ಖಾನೆಯ ತ್ಯಾಜ್ಯ ನೀರು ಹರಿಯುವ ಹಳ್ಳದಿಂದ ನೀರುಂಡ ಹೊಲದ ಕಣಕಿಯನ್ನು, ಅದು ಪುಕ್ಕಟೆ ಸಿಕ್ಕರೂ, ಅಣಬೆಗೆ ತರಬೇಡಿ. ಹೆದ್ದಾರಿಯ ಅಂಚಿನ ಹೊಲದ ಹೊಟ್ಟನ್ನೂ ಬಿಡುವುದು ಒಳ್ಳೆಯದು. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ 2000ರಲ್ಲಿ ನಿಂತರೂ, ಅದಕ್ಕೂ ಮೊದಲು ಮಣ್ಣಿಗೆ ಬಿದ್ದ ಸೀಸ ಕರಗಿ ಹೋಗಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಡ್ರಮ್ಮಿನ ಮಾತು. ಗುಜರಿಯಲ್ಲಿ ಸಿಗುವ ಡ್ರಮ್ಮುಗಳಲ್ಲಿ ಹಿಂದೆ ಬಣ್ಣ, ಎಣ್ಣೆ ಅಥವಾ ರಾಸಾಯನಿಕ ತುಂಬಿದ್ದಿರಬಹುದು. ಅದರ ಒಳಗೆ ಕೈಯಾಡಿಸಿ ನೋಡಿ: ಅಂಚಿನ ಮಡಿಕೆಯಲ್ಲಿ ಹಸಿರು ಅಥವಾ ಹಳದಿ ಬಣ್ಣದ ಹಕ್ಕಳೆ ಇನ್ನೂ ಅಂಟಿಕೊಂಡಿದ್ದರೆ, ಕುದಿಯುವ ನೀರಿನಲ್ಲಿ ಅದು ಎದ್ದು ಹೊಟ್ಟಿಗೆ ಸೇರುತ್ತದೆ, ಮತ್ತು ಹಳೆಯ ಬಣ್ಣಗಳಲ್ಲಿ ಸೀಸದ ಅಂಶ ಸಾಮಾನ್ಯವಾಗಿತ್ತು. ಸತುವಿನ ಲೇಪನದ ಹಳೆಯ ಡ್ರಮ್ಮೂ ಬೇಡ. ಸಂಘದ ಹಣದಲ್ಲಿ ಮೊದಲು ಒಂದು ಸ್ಟೀಲಿನ ಪಾತ್ರೆಯನ್ನೇ ಕೊಳ್ಳಿರಿ. ಮುಂದೆ ಹಾಲು ಅಣಬೆ ಬೆಳೆಯುವುದಾದರೆ ಚೀಲದ ಮೇಲೆ ಹೊದಿಸುವ ಮಣ್ಣನ್ನು ಗ್ಯಾರೇಜು, ಬ್ಯಾಟರಿ ರಿಪೇರಿ ಅಂಗಡಿಗಳ ಆಸುಪಾಸಿನಿಂದ ತರಬೇಡಿ. ಆ ಮಣ್ಣಿಗೆ ಸುಣ್ಣದ ಪುಡಿ ಬೆರೆಸುವ ರೂಢಿಯನ್ನು ಬಿಡಬೇಡಿ, ಏಕೆಂದರೆ ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಹೆಚ್ಚು ಸುಲಭವಾಗಿ ಕರಗಿ ಮೇಲೇರುತ್ತದೆ.

ಗಿರಾಕಿಗಳ ವಿಶ್ವಾಸ ಮರಳಿ ಪಡೆಯಲು ಒಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ. ಎಲ್ಲಿ, ಹೇಗೆ ಎಂಬುದನ್ನು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ವರದಿ ಕೈಗೆ ಬಂದಾಗ ಅಂಕಿ ಹಸಿ ತೂಕದ್ದೋ ಒಣ ತೂಕದ್ದೋ ಎಂಬುದನ್ನು ಮೊದಲು ನೋಡಿರಿ. ಹಸಿ ಅಣಬೆಯಲ್ಲಿ ಸುಮಾರು ಶೇ 90ರಷ್ಟು ನೀರೇ ಇರುವುದರಿಂದ, ಒಣ ತೂಕದಲ್ಲಿ ಕಿಲೋಗೆ 1.2 ಮಿಲಿಗ್ರಾಂ ಎಂದು ಬರೆದದ್ದು ಹಸಿ ಅಣಬೆಯಲ್ಲಿ 0.12 ಮಿಲಿಗ್ರಾಂ ಮಾತ್ರ. ಐರೋಪ್ಯ ಒಕ್ಕೂಟವು ಹಸಿ ಚಿಪ್ಪು ಅಣಬೆಗೆ ಕಿಲೋಗೆ 0.15 ಮಿಲಿಗ್ರಾಂ ಕ್ಯಾಡ್ಮಿಯಂ ಮತ್ತು 0.30 ಮಿಲಿಗ್ರಾಂ ಸೀಸ ಎಂಬ ಗರಿಷ್ಠ ಮಿತಿಯನ್ನು ಇಟ್ಟಿದೆ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಜನ ವಿನಾಕಾರಣ ಗಾಬರಿಯಾಗುತ್ತಾರೆ.

ಪ್ರಶ್ನೆ: ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಅಣಬೆ ಪಲ್ಯ ಮಾಡುತ್ತೇವೆ. ಉಪ್ಪುನೀರಿನಲ್ಲಿ ತೊಳೆದು ಚೆನ್ನಾಗಿ ಬೇಯಿಸಿದರೆ ಲೋಹ ಹೋಗುತ್ತದೆಯೇ? ಚಿಕ್ಕ ಮಕ್ಕಳಿಗೆ ಕೊಡಬಹುದೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ತೊಳೆದರೆ ಮೇಲಿನ ಮಣ್ಣು ಹೋಗುತ್ತದೆ, ಒಳಗೆ ಸೇರಿದ ಲೋಹ ಬೆಂಕಿಯಿಂದ ನಾಶವಾಗುವುದಿಲ್ಲ. ಕುದಿಸಿದ ನೀರನ್ನು ಚೆಲ್ಲಿದರೆ ಸ್ವಲ್ಪ ಭಾಗ ಕಡಿಮೆಯಾಗಬಹುದು, ಅಷ್ಟೇ.

ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿಯುತ್ತದೆ ಮತ್ತು ದೀರ್ಘಕಾಲದಲ್ಲಿ ಮೂತ್ರಪಿಂಡವನ್ನೂ ಮೂಳೆಗಳನ್ನೂ ಕೆಡಿಸುತ್ತದೆ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ನೀರಿನಿಂದ ಕಲುಷಿತವಾದ ಅಕ್ಕಿಯನ್ನು ವರ್ಷಾನುಗಟ್ಟಲೆ ಉಂಡ ಹೆಂಗಸರ ಮೂಳೆಗಳು ಸಣ್ಣ ಪೆಟ್ಟಿಗೂ ಮುರಿಯುತ್ತಿದ್ದವು. ಸೀಸವಂತೂ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ, ಅದಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಗೊತ್ತಾಗಿಲ್ಲ.

ಆದರೆ ಲೆಕ್ಕ ಹಾಕಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿಯು 2010ರಲ್ಲಿ ಕ್ಯಾಡ್ಮಿಯಂಗೆ ದೇಹದ ತೂಕದ ಪ್ರತಿ ಕಿಲೋಗೆ ತಿಂಗಳಿಗೆ 25 ಮೈಕ್ರೋಗ್ರಾಂ ಎಂಬ ಮಿತಿ ಹೇಳಿತು. 60 ಕಿಲೋ ತೂಕದವರಿಗೆ ಅದು 1,500 ಮೈಕ್ರೋಗ್ರಾಂ. ನಾನು ಮೇಲೆ ಹೇಳಿದ 0.15ರ ಅಂಚಿನಲ್ಲೇ ಇರುವ ಅಣಬೆಯನ್ನು ವಾರಕ್ಕೆರಡು ಸಲ 100 ಗ್ರಾಂನಂತೆ ತಿಂದರೂ ತಿಂಗಳಿಗೆ ಸುಮಾರು 120 ಮೈಕ್ರೋಗ್ರಾಂ, ಅಂದರೆ ಮಿತಿಯ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. 20 ಕಿಲೋ ತೂಕದ ಮಗು ಅದರ ಅರ್ಧ ತಿಂದರೆ ತನ್ನ ಮಿತಿಯ ಎಂಟನೆಯ ಒಂದು ಭಾಗ ಮುಟ್ಟುತ್ತದೆ. ಉಳಿದದ್ದಕ್ಕೆ ಅಕ್ಕಿ, ಗೋಧಿ, ಸೊಪ್ಪುಗಳೂ ಪಾಲುದಾರರು ಎಂಬುದನ್ನು ಮರೆಯದೆ, ಮಕ್ಕಳಿಗೆ ವಾರಕ್ಕೆ ಒಂದೆರಡು ಸಲ ಧಾರಾಳವಾಗಿ ಕೊಡಿ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಅವರ ಕ್ಯಾಡ್ಮಿಯಂ ಚಿಂತೆ ಅಣಬೆಯಿಂದಲ್ಲ, ಹೊಗೆಯಿಂದ ಆರಂಭವಾಗಬೇಕು.

ಪ್ರಶ್ನೆ: ರಕ್ತಹೀನತೆಗೆ ಒಳ್ಳೆಯದೆಂದು ದಿನವೂ ಒಣ ಅಣಬೆಯ ಪುಡಿಯನ್ನು ಹಾಲಿನಲ್ಲಿ ಹಾಕಿ ಕುಡಿಯುತ್ತಿದ್ದೇನೆ. ಮುಂದುವರಿಸಲೇ?
– ಓದುಗರೊಬ್ಬರು, ವಿಜಯಪುರ

ಉತ್ತರ: 10 ಗ್ರಾಂ ಪುಡಿಯೆಂದರೆ ಸುಮಾರು 100 ಗ್ರಾಂ ಹಸಿ ಅಣಬೆ, ಅದನ್ನು ದಿನವೂ ತೆಗೆದುಕೊಳ್ಳುವುದೆಂದರೆ ಮೇಲಿನ ಲೆಕ್ಕ ಮೂರು-ನಾಲ್ಕು ಪಟ್ಟಾಗುತ್ತದೆ. ಅಲ್ಲದೆ ಮೈಯಲ್ಲಿ ಕಬ್ಬಿಣಾಂಶ ಕಡಿಮೆ ಇದ್ದಾಗ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರಿಕೊಳ್ಳುತ್ತದೆ, ಹಾಗಾಗಿ ನಿಮ್ಮಂಥವರಿಗೇ ಎಚ್ಚರ ಹೆಚ್ಚು ಬೇಕು. ಪುಡಿ ಯಾವ ಹೊಟ್ಟಿನಲ್ಲಿ ಬೆಳೆದ ಅಣಬೆಯದು, ಪರೀಕ್ಷೆಯಾಗಿದೆಯೇ ಎಂದು ಮಾರಿದವರನ್ನು ಕೇಳಿರಿ. ಉತ್ತರ ಸಿಗದಿದ್ದರೆ ಅದನ್ನು ನಿಲ್ಲಿಸಿ, ವೈದ್ಯರ ಬಳಿ ರಕ್ತ ಪರೀಕ್ಷೆ ಮಾಡಿಸಿ ಅವರು ಹೇಳಿದ ಕಬ್ಬಿಣದ ಮಾತ್ರೆಯನ್ನೇ ತೆಗೆದುಕೊಳ್ಳಿರಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂಥ ಪುಡಿಯನ್ನು ಆರಂಭಿಸಲೇಬಾರದು.